ಗಾಳಿ ನಮ್ಮ ಕಡೆ ಇದ್ದಾಗ್ಲೇ ಬಾಗಿಲು ತಟ್ಟಬೇಕು: ಬೂತ್ ಕೆಲಸದಲ್ಲಿ ನನ್ನ ಅನುಭವ

ಬೆಂಗಳೂರಿನ ದಕ್ಷಿಣ ಭಾಗದ ಹಳೇ ಬಡಾವಣೆ ಒಂದರಲ್ಲಿ ನಾನು ಸುಮಾರು ವರ್ಷಗಳಿಂದ ಬೂತ್ ನೋಡ್ಕೋತಾ ಇದೀನಿ, ಅಸೆಂಬ್ಲಿ ಆಗ್ಲಿ ಲೋಕಸಭೆ ಆಗ್ಲಿ ನಮ್ಮ ಏರಿಯಾ ಸ್ಕೂಲಲ್ಲಿ ಬರೋ ಒಂದು ಬೂತು ನನ್ನ ಜವಾಬ್ದಾರಿ. ಪಕ್ಷ ಯಾವ್ದು ಅಂತ ಬರೀತಾ ಇಲ್ಲ, ಬರೆದ್ರೆ ಮಾತು ಬೇರೆ ಕಡೆ ಹೋಗುತ್ತೆ, ಮತ್ತೆ ಈ ಕೆಲಸ ಎಲ್ಲಾ ಪಕ್ಷದ ಕಾರ್ಯಕರ್ತರಿಗೂ ಒಂದೇ ಥರ. ನಾನು ಹೇಳ್ಬೇಕು ಅಂದ್ಕೊಂಡಿರೋದು ಕೊನೇ ಎರಡು ವಾರದ ಬಗ್ಗೆ, ಅದ್ರಲ್ಲೂ "ಈ ಸಲ ನಮ್ದೇ ಬಿಡಿ" ಅನ್ನೋ ಮಾತು ಟೀ ಅಂಗಡಿಯಿಂದ ವಾಟ್ಸಾಪ್ ಗ್ರೂಪ್‌ವರೆಗೂ ಓಡಾಡೋ ಹೊತ್ತಲ್ಲಿ ನಾವು ಏನ್ ಮಾಡ್ತೀವಿ ಅನ್ನೋದರ ಬಗ್ಗೆ.

ನೋಡಿ, ಪರಿಸ್ಥಿತಿ ಟೈಟ್ ಇದ್ರೆ ಹುಡುಗ್ರನ್ನ ಎಬ್ಬಿಸೋದೇ ಬೇಡ, ಅವರೇ ಬೆಳಿಗ್ಗೆ ಆರೂವರೆಗೆ ಲಿಸ್ಟ್ ಹಿಡ್ಕೊಂಡು ನಿಂತಿರ್ತಾರೆ. ಗಾಳಿ ನಮ್ಮ ಕಡೆ ಇದೆ ಅಂತ ಟಿವಿಲಿ ಒಂದು ಸರ್ವೆ ಬಂತು ಅಂದ್ಕೊಳ್ಳಿ, ಮಾರನೇ ದಿನದಿಂದ್ಲೇ ಬರೋ ಟೈಮ್ ಒಂಬತ್ತಾಗುತ್ತೆ, ಮನೆಮನೆಗೆ ಹೋಗೋ ಬದ್ಲು ರೋಡ್ ಶೋಗೆ ಹೋಗೋಣ ಅಂತಾರೆ, ಲೀಡ್ ಇಪ್ಪತ್ತು ಸಾವಿರನೋ ಮೂವತ್ತು ಸಾವಿರನೋ ಅಂತ ಚರ್ಚೆ ಶುರುವಾಗುತ್ತೆ, ಮಂತ್ರಿ ಯಾರಾಗ್ತಾರೆ ಅನ್ನೋವರೆಗೂ ಹೋಗುತ್ತೆ. ಕಾರ್ಯಕರ್ತರದ್ದು ಹಂಗಿರ್ಲಿ, ನಿಜವಾದ ತೊಂದ್ರೆ ವೋಟರ್ ಕಡೆಯಿಂದ. "ಹೆಂಗೂ ಗೆಲ್ತಾರಲ್ಲ, ನನ್ನೊಂದು ವೋಟಿಂದ ಏನು" ಅಂತ ಎದುರು ಪಕ್ಷದೋನು ಅನ್ನಲ್ಲ, ನಮ್ಮೋರೇ ಅನ್ನೋದು. ಅದಕ್ಕೇ ಗೆಲುವಿನ ಮಾತು ಜಾಸ್ತಿ ಆದಷ್ಟೂ ನಷ್ಟ ಆಗೋದು ಗೆಲ್ಲೋ ಥರ ಕಾಣ್ತಿರೋ ಕಡೆಗೇ.

ಆಗ ನಾನು ಭಾಷಣ ಮಾಡಲ್ಲ, ನಂಬರ್ ಹೇಳ್ತೀನಿ. 2004ರ ಅಸೆಂಬ್ಲಿ ಚುನಾವಣೆ, ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ ಕ್ಷೇತ್ರ, ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ವೋಟು. ಕೃಷ್ಣಮೂರ್ತಿ ಅವರ ಡ್ರೈವರ್‌ಗೆ ಅವತ್ತು ಡ್ಯೂಟಿ ಮಧ್ಯೆ ಹೋಗಿ ವೋಟ್ ಹಾಕೋಕೆ ಆಗ್ಲಿಲ್ಲ ಅಂತ ಆ ಕಡೆ ಈಗ್ಲೂ ಹೇಳ್ತಾರೆ. ಇದು ಎಲ್ಲರಿಗೂ ಗೊತ್ತಿರೋ ಕತೆ, ಆದ್ರೆ ಇದರ ಮುಂದಿನ ಭಾಗ ಜಾಸ್ತಿ ಜನ ನೆನಪಿಟ್ಕೊಂಡಿಲ್ಲ: ಅದೇ ಧ್ರುವನಾರಾಯಣ ಅವರು ಆಮೇಲೆ ಎರಡು ಸಲ ಚಾಮರಾಜನಗರ ಎಂಪಿ ಆಗಿ, 2019ರಲ್ಲಿ ಮೂರನೇ ಸಲ ನಿಂತಾಗ ಶ್ರೀನಿವಾಸ ಪ್ರಸಾದ್ ಅವರ ಎದುರು ಸೋತಿದ್ದು ಬರೀ 1,817 ವೋಟಲ್ಲಿ, ಅದೂ ಎಂಟು ಅಸೆಂಬ್ಲಿ ಸೇರಿರೋ ಲೋಕಸಭಾ ಕ್ಷೇತ್ರದಲ್ಲಿ. 2018ರ ಅಸೆಂಬ್ಲಿ ಚುನಾವಣೆಲಿ ಮಸ್ಕಿ ಕ್ಷೇತ್ರ 213 ವೋಟಲ್ಲಿ ತೀರ್ಮಾನ ಆಯ್ತು. 2023ರಲ್ಲಿ ಶೃಂಗೇರಿ 201, ಗಾಂಧಿನಗರ 105. ಮತ್ತೆ ನಮ್ಮ ಪಕ್ಕದ್ದೇ ಜಯನಗರ, ರಾತ್ರಿವರೆಗೂ ಮರುಎಣಿಕೆ ನಡೆದು ಕೊನೆಗೆ ಸಿ.ಕೆ. ರಾಮಮೂರ್ತಿ ಅವರು ಸೌಮ್ಯಾ ರೆಡ್ಡಿ ಅವರನ್ನ ಸೋಲಿಸಿದ್ದು 16 ವೋಟಲ್ಲಿ. ಹದಿನಾರು! ನಮ್ಮ ಬೀದಿ ಮೂಲೇಲಿರೋ ಒಂದು ಬಿಲ್ಡಿಂಗಲ್ಲೇ ಅದಕ್ಕಿಂತ ಜಾಸ್ತಿ ವೋಟ್ ಇದೆ.

ನಂಬರ್ ಹೇಳಿದ ಮೇಲೆ ಒಂದು ಲೆಕ್ಕ ಮಾಡಿ ತೋರಿಸ್ತೀನಿ, ಇದು ಹುಡುಗ್ರ ತಲೆಗೆ ಬೇಗ ಹೋಗುತ್ತೆ. ಒಂದು ಕ್ಷೇತ್ರದಲ್ಲಿ ಇನ್ನೂರು ಬೂತು ಇದೆ ಅಂದ್ಕೊಳ್ಳಿ. 105 ವೋಟ್ ಅಂತರ ಅಂದ್ರೆ ಎರಡು ಬೂತಿಗೆ ಒಂದು ವೋಟು. ನಿನ್ನ ಬೂತಲ್ಲಿ ಮಧ್ಯಾಹ್ನ ಊಟ ಮಾಡಿ ಮಲಗಿದ ಒಬ್ಬ, ಪಕ್ಕದ ಬೂತಲ್ಲಿ ಹಿಂದಿನ ರಾತ್ರಿ ಬಸ್ ಹತ್ತಿ ಊರಿಗೆ ಹೋದ ಒಬ್ಬ, ಅಷ್ಟೇ.

ರಾಜ್ಯ, ದೇಶದ ಮಟ್ಟದಲ್ಲೂ ಇದೇ ಆಗಿದೆ. 2004ರಲ್ಲಿ ದೆಹಲಿಲಿ ವಾಜಪೇಯಿ ಸರ್ಕಾರ "ಭಾರತ ಪ್ರಕಾಶಿಸುತ್ತಿದೆ" ಅಂತ ಲೋಕಸಭೆ ಚುನಾವಣೆನ ಮುಂಚೆ ತಂದ್ಕೊಳ್ತು, ಇಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಕೂಡ ಅದ್ರ ಜೊತೆಗೇ ಅಸೆಂಬ್ಲಿ ಚುನಾವಣೆಗೆ ಹೋಯ್ತು, ಇಬ್ಬರಿಗೂ ಟೈಮ್ ಚೆನ್ನಾಗಿದೆ ಅನ್ನಿಸಿತ್ತು, ಅಲ್ಲಿ ಸರ್ಕಾರ ಹೋಯ್ತು, ಇಲ್ಲಿ 1999ರಲ್ಲಿ 132 ಇದ್ದ ಕಾಂಗ್ರೆಸ್ 65ಕ್ಕೆ ಬಂತು. 2024ರಲ್ಲಿ ಬಿಜೆಪಿ ತನ್ನ ಮೈತ್ರಿಕೂಟಕ್ಕೆ ನಾನೂರು ಅಂದು, ತಾನು 240ಕ್ಕೆ ನಿಂತ್ಕೊಳ್ತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಹರಿಯಾಣದಲ್ಲಿ ಎಲ್ಲಾ ಎಕ್ಸಿಟ್ ಪೋಲೂ ಕಾಂಗ್ರೆಸ್‌ಗೆ ಅಂದ್ರೂ ಬಂದಿದ್ದು 37. ಯಾವ ಪಕ್ಷನೂ ಇದ್ರಿಂದ ಹೊರಗಿಲ್ಲ.

ಸರಿ, ಕೆಲಸಕ್ಕೆ ಬರೋಣ. ಮೊದಲು ಫಾರಂ 20 ತೆಗೀತೀನಿ. ಇದು ಹಿಂದಿನ ಚುನಾವಣೆಲಿ ಪ್ರತಿ ಬೂತಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನೋ ಪಟ್ಟಿ, ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಲ್ಲಿ ಸಿಗುತ್ತೆ, ಎಷ್ಟೋ ಕಾರ್ಯಕರ್ತರು ಒಂದು ಸಲನೂ ತೆಗೆದು ನೋಡಿರಲ್ಲ. ನಮ್ಮ ಬೂತಲ್ಲಿ ನಮಗೆ ಬಿದ್ದಿದ್ದು ಎಷ್ಟು, ಒಟ್ಟು ಬಿದ್ದಿದ್ದು ಎಷ್ಟು, ಬೀಳದೇ ಉಳಿದಿದ್ದು ಎಷ್ಟು. ಬೆಂಗಳೂರಲ್ಲಿ ಈ ಮೂರನೇದೇ ದೊಡ್ಡದು. 2024ರಲ್ಲಿ ಮಂಡ್ಯದಲ್ಲಿ 81 ಪರ್ಸೆಂಟ್ ದಾಟಿದಾಗ ಬೆಂಗಳೂರು ದಕ್ಷಿಣ 53ರ ಆಸುಪಾಸಲ್ಲೇ ನಿಂತಿತ್ತು. ಅಂದ್ರೆ ಹೆಚ್ಚುಕಮ್ಮಿ ಅರ್ಧ ಜನ ಬರ್ಲೇ ಇಲ್ಲ. ಎದುರು ಪಕ್ಷದೋನ ಮನಸ್ಸು ತಿರುಗಿಸೋಕೆ ಒಂದು ಗಂಟೆ ವಾದ ಮಾಡೋ ಬದ್ಲು ಈ ಅರ್ಧದಲ್ಲಿ ನಮ್ಮೋರು ಯಾರು ಅಂತ ಹುಡುಕೋದು ಲಾಭ ಅಂತ ನಾನು ಯಾವಾಗ್ಲೂ ಹೇಳೋದು.

ಹುಡುಕೋದು ಹೆಂಗೆ? ವೋಟರ್ ಲಿಸ್ಟ್ ಪ್ರಿಂಟ್ ತಗೊಂಡು, ಪುಟಕ್ಕೆ ಮೂವತ್ತು ಹೆಸರು ಇರುತ್ತೆ, ಪುಟಕ್ಕೊಬ್ಬರಂತೆ ಹಂಚೋದು ಈಗ ಎಲ್ಲರೂ ಮಾಡ್ತಾರೆ, ಪೇಜ್ ಪ್ರಮುಖ್ ಅಂತಾರಲ್ಲ ಅದೇ. ನಾನು ಪುಟದ ಪ್ರಕಾರ ಹಂಚಲ್ಲ, ಬೀದಿ ಪ್ರಕಾರ ಹಂಚ್ತೀನಿ, ಯಾಕಂದ್ರೆ ನಮ್ಮಲ್ಲಿ ಗಂಡ ಒಂದು ಪುಟ ಹೆಂಡ್ತಿ ಒಂದು ಪುಟ ಮಗ ಬೇರೆ ಬೂತೇ ಆಗಿರ್ತಾನೆ. ಒಂದೇ ಮನೆಗೆ ಮೂರು ಜನ ಹೋಗಿ ಬೆಲ್ ಮಾಡಿದ್ರೆ ಅವ್ರಿಗೂ ಕಿರಿಕಿರಿ. ಹೆಸರಿನ ಪಕ್ಕ ನಾವು ಪೆನ್ನಲ್ಲಿ ಎರಡು ಗುರುತು ಹಾಕ್ತೀವಿ. ಮೊದಲನೇದು ಎಲ್ಲರೂ ಹಾಕೋದೇ, ನಮ್ಮೋರಾ, ಡೌಟಾ, ಆ ಕಡೆಯವರಾ ಅಂತ. ಎರಡನೇದು ಮುಖ್ಯ: ಈ ಮನುಷ್ಯ ಪ್ರತಿ ಸಲ ವೋಟ್ ಹಾಕೋನಾ ಅಥವಾ ಕೈ ಕೊಡೋನಾ. "ನಮ್ಮೋರು, ಆದ್ರೆ ಖಾತ್ರಿ ಇಲ್ಲ" ಅನ್ನೋ ಹೆಸರುಗಳಿಗೆ ಕೆಂಪು ಗೆರೆ ಬೀಳುತ್ತೆ. ಕೊನೇ ವಾರ ಪೂರ್ತಿ ಕೆಲಸ ಈ ಕೆಂಪು ಗೆರೆಗಳದ್ದೇ. ಪ್ರತಿ ಸಲ ಏಳು ಗಂಟೆಗೇ ಬಂದು ಲೈನಲ್ಲಿ ಮೊದ್ಲು ನಿಲ್ಲೋ ತಾತನ ಮನೆಗೆ ಐದು ಸಲ ಹೋಗಿ ಕಾಫಿ ಕುಡಿದು ಬರೋದು ಸುಲಭ, ಅಲ್ಲಿ ಮರ್ಯಾದೆ ಸಿಗುತ್ತೆ, ಆದ್ರೆ ಅಲ್ಲಿ ಹೊಸ ವೋಟ್ ಒಂದೂ ಹುಟ್ಟಲ್ಲ.

ಮನೆ ಬಾಗಿಲಲ್ಲಿ ಮಾತು ಹೆಂಗಿರುತ್ತೆ ಅಂದ್ರೆ, ನಮ್ಮ ಎರಡನೇ ಮೇನಲ್ಲಿ ರಿಟೈರ್ಡ್ ಒಬ್ಬರು ಇದಾರೆ, ಪಕ್ಕಾ ನಮ್ಮೋರು.

"ಬನ್ನಿ ಬನ್ನಿ, ನಿಮ್ಮೋರೇ ಬರೋದು ಈ ಸಲ, ಯಾಕೆ ಬಿಸಿಲಲ್ಲಿ ಅಲೀತೀರಾ."

"ಬರ್ತಾರೋ ಇಲ್ವೋ ನೀವು ಹಾಕಿದ್ಮೇಲೆ ಗೊತ್ತಾಗೋದು ಸಾರ್. ಅವತ್ತು ಎಷ್ಟೊತ್ತಿಗೆ ಹೊರಡ್ತೀರಾ?"

"ನೋಡೋಣ, ಬೆಳಿಗ್ಗೆ ರಶ್ ಇರುತ್ತೆ, ಸಂಜೆ ಹಂಗೇ ವಾಕಿಂಗ್ ಹೋಗ್ತಾ..."

"ಸಂಜೆ ಬೇಡ ಸಾರ್, ಮೊಮ್ಮಕ್ಕಳು ಬರ್ತಾರೆ ಅಂದ್ರಲ್ಲ. ವಾಕಿಂಗ್ ಮುಗಿಸ್ಕೊಂಡು ಏಳೂವರೆಗೆ ಬಂದ್ಬಿಡಿ, ಮೇಡಂನೂ ಕರ್ಕೊಂಡು. ನಾನು ಬರ್ಕೊಳ್ಲಾ, ಏಳೂವರೆ?"

"ಸರಿ ಬರ್ಕೊಳಪ್ಪ."

ಅಷ್ಟೇ. "ವೋಟ್ ಹಾಕ್ತೀರಾ ತಾನೇ?" ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ, ಆ ಹೂಂಗೆ ಬೆಲೆ ಇಲ್ಲ. ಎಷ್ಟೊತ್ತಿಗೆ, ಯಾರ ಜೊತೆ, ಮನೆಯಿಂದಾನಾ ಆಫೀಸಿಂದಾನಾ ಅಂತ ಕೇಳಿದಾಗ ಮಾತ್ರ ಆ ದಿನದ ಚಿತ್ರ ಅವರ ತಲೇಲಿ ಬರುತ್ತೆ, ಏನಾದ್ರೂ ಅಡ್ಡಿ ಇದ್ರೆ ಅಲ್ಲೇ ಹೊರಗೆ ಬರುತ್ತೆ. ಸ್ಲಿಪ್ ಸಿಕ್ಕಿಲ್ಲ, ಮನೆ ಶಿಫ್ಟ್ ಆಗಿದೆ, ಎಪಿಕ್ ಕಾರ್ಡ್ (ವೋಟರ್ ಐಡಿ) ಕಳೆದಿದೆ, ಇಂಥವು. ಕಾರ್ಡ್ ಇಲ್ದಿದ್ರೂ ಲಿಸ್ಟಲ್ಲಿ ಹೆಸರಿದ್ರೆ ಆಧಾರ್ ತೋರಿಸಿ ಹಾಕ್ಬೋದು ಅನ್ನೋದು ಈಗ್ಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೀದಿ ಮೂಲೇಲಿ ಹೂ ಮಾರೋ ಅಕ್ಕ ಇದಾರೆ, ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಹೂ ತಂದು ಕೂತ್ರೆ ಹತ್ತೂವರೆವರೆಗೂ ವ್ಯಾಪಾರ, ಅವರನ್ನ "ಬೆಳಿಗ್ಗೆನೇ ಬನ್ನಿ" ಅಂತ ಎಳೆಯೋದು ತಪ್ಪು, ಅವರ ಹೆಸರು ಹನ್ನೆರಡು ಗಂಟೆ ಪಟ್ಟಿಲಿ ಇರುತ್ತೆ, ಆ ಹೊತ್ತಿಗೆ ಲೈನೂ ಕಮ್ಮಿ, ಅರ್ಧ ಗಂಟೆ ಬುಟ್ಟಿ ನೋಡ್ಕೊಳ್ಳೋಕೆ ಪಕ್ಕದ ಅಂಗಡಿಯೋರಿಗೆ ಅವರೇ ಹೇಳಿಟ್ಟಿರ್ತಾರೆ. ಹಿಂಗೆ ಕೆಂಪು ಗೆರೆ ಇರೋ ಪ್ರತಿಯೊಂದು ಹೆಸರಿಗೂ ಒಂದು ಗಂಟೆ ಬರೆದಿಟ್ರೆ ಮತದಾನದ ದಿನ ಯಾವಾಗ ಯಾರ ಮನೆಗೆ ಹೋಗ್ಬೇಕು ಅನ್ನೋದು ತಾನಾಗೇ ಸಿಗುತ್ತೆ.

ಗೆಲ್ತೀವಾ ಅಂತ ಕೇಳೋರಿಗೆ ಏನ್ ಹೇಳ್ಬೇಕು ಅನ್ನೋದು ಸೂಕ್ಷ್ಮ. ಗೆದ್ದಾಯ್ತು ಅಂದ್ರೆ ಮನೇಲೇ ಕೂರ್ತಾರೆ, ಕಷ್ಟ ಇದೆ ಅಂತ ಮುಖ ಬಾಡಿಸ್ಕೊಂಡ್ರೆ ಸೋಲೋ ಕಡೆ ಯಾಕೆ ಹಾಕೋದು ಅಂತಾರೆ. ನಾನು ಸುಳ್ಳು ಹೇಳಲ್ಲ, ಫಾರಂ 20ರ ನಂಬರೇ ಹೇಳ್ತೀನಿ, "ಹೋದ ಸಲ ನಮ್ಮ ಬೂತಲ್ಲಿ ಇಷ್ಟೇ ವ್ಯತ್ಯಾಸ ಇದ್ದಿದ್ದು, ನಿಮ್ಮ ಮನೇಲಿ ನಾಲ್ಕು ವೋಟ್ ಇದೆ". ನಿಜ ನಂಬರಿಗೆ ಇರೋ ಶಕ್ತಿ ಯಾವ ಘೋಷಣೆಗೂ ಇಲ್ಲ. ದುಡ್ಡಿನ ವಿಷಯ ಕೇಳೋರೂ ಇದಾರೆ, ನಮ್ಮ ಬೂತಲ್ಲಿ ಅದು ಇಲ್ಲ, ಕಾನೂನು ಒಂದು ಕಡೆ ಇರ್ಲಿ, ದುಡ್ಡು ಕೊಟ್ಟು ಕರೆದ ಮನೆಗೆ ಮುಂದಿನ ಸಲ ಬರಿಗೈಲಿ ಹೋಗಿ ಮಾತಾಡೋಕೆ ಮುಖ ಇರಲ್ಲ.

ಮತದಾನ ಮುಗಿಯೋ ಸಮಯಕ್ಕೆ 48 ಗಂಟೆ ಮುಂಚೆ ಮೈಕು, ಸಭೆ ಎಲ್ಲಾ ನಿಲ್ಲುತ್ತೆ. ಎಷ್ಟೋ ಕಡೆ ಅಲ್ಲಿಗೆ ಕೆಲಸ ಮುಗೀತು ಅಂತ ಕಾರ್ಯಕರ್ತರು ಮನೆಗೆ ಹೋಗ್ತಾರೆ. ನಮಗೆ ಅವೇ ಬಹಳ ಬೆಲೆಬಾಳೋ ಗಂಟೆಗಳು, ನಾಲ್ಕೈದು ಜನ ಸದ್ದಿಲ್ದೆ ಮನೆಮನೆಗೆ ಹೋಗೋಕೆ ಅಡ್ಡಿ ಇಲ್ಲ. ಊರಿಗೆ ಹೊರಡೋರನ್ನ ತಡೆಯೋದೂ ಆಗ್ಲೇ. 2023ರಲ್ಲಿ ಆಯೋಗ ಬೇಕಂತಲೇ ಬುಧವಾರ ಇಟ್ಟಿತ್ತು, ವೀಕೆಂಡ್ ಜೊತೆ ಸೇರಿಸ್ಕೊಂಡು ಜನ ಟ್ರಿಪ್ ಹೋಗ್ದೇ ಇರ್ಲಿ ಅಂತ. 2024ರಲ್ಲಿ ನಮ್ಮ ಹಂತ ಏಪ್ರಿಲ್ 26, ಶುಕ್ರವಾರ ಬಂತು, ಮೇಲೆ ಸುಡು ಬಿಸಿಲು, ಅವತ್ತು ನಾವು ಹೇಳಿದ್ದು ಒಂದೇ, ಹೋಗೋದಾದ್ರೆ ಹೋಗಿ, ಏಳು ಗಂಟೆಗೆ ವೋಟ್ ಹಾಕಿ ಅಲ್ಲಿಂದ್ಲೇ ಕಾರ್ ಹತ್ತಿ. ಹಂಗೆ ಬ್ಯಾಗ್ ಸಮೇತ ಬಂದ ಫ್ಯಾಮಿಲಿಗಳೂ ಇದ್ವು.

ಆ ದಿನದ ಬಗ್ಗೆ ಒಂದೆರಡು ವಿಷಯ ಹೊಸಬರು ತಿಳ್ಕೊಂಡಿರ್ಬೇಕು. ಬೂತ್ ಒಳಗೆ ಕೂತಿರೋ ನಮ್ಮ ಏಜೆಂಟ್ ಯಾರು ಹಾಕಿದ್ರು ಯಾರು ಹಾಕಿಲ್ಲ ಅಂತ ಚೀಟಿ ಬರೆದು ಹೊರಗೆ ಕಳಿಸೋ ಹಾಗಿಲ್ಲ, ಮೊಬೈಲೂ ಇಲ್ಲ. ಹಂಗಾಗಿ ಲೆಕ್ಕ ಹೊರಗೇ ಆಗ್ಬೇಕು. ಬೂತಿಂದ ನೂರು ಮೀಟರ್ ಆಚೆ (2025ಕ್ಕೆ ಮುಂಚೆ ಇನ್ನೂರು ಮೀಟರ್ ಇತ್ತು) ನಮ್ಮ ಟೇಬಲ್ ಇರುತ್ತೆ, ಅಲ್ಲಿ ಕೂರೋಕೆ ಬೀದಿಲಿ ಎಲ್ಲರ ಮುಖ ಗೊತ್ತಿರೋ ಹಿರಿಯರೊಬ್ಬರನ್ನ ಹಾಕ್ತೀನಿ, ಬರೀ ಕೈಬರಹ ಚೆನ್ನಾಗಿರೋ ಹುಡುಗನ್ನ ಅಲ್ಲ. ಹಾಕಿ ವಾಪಸ್ ಹೋಗೋರ ಬೆರಳು ನೋಡಿ ಪಟ್ಟಿಲಿ ಹೆಸರು ಹೊಡೆದು ಹಾಕೋದು ಅವರ ಕೆಲಸ. ಹನ್ನೊಂದು ಗಂಟೆಗೆ ಒಂದು ಸಲ, ಎರಡಕ್ಕೆ ಒಂದು ಸಲ ಪಟ್ಟಿ ನೋಡಿ, ಟೈಮ್ ಕೊಟ್ಟು ಬರ್ದೇ ಇರೋರ ಮನೆಗೆ ಆ ಬೀದಿಯವರೇ ಹೋಗ್ತಾರೆ, ಹೊಸ ಮುಖ ಹೋಗಲ್ಲ. ಪಕ್ಷದ ಗಾಡಿಲಿ ವೋಟರನ್ನ ಕೂರಿಸ್ಕೊಂಡು ಬರೋದು ಪ್ರಜಾಪ್ರಾತಿನಿಧ್ಯ ಕಾಯ್ದೆ ಪ್ರಕಾರ ಅಪರಾಧ, ಗೆದ್ದ ಮೇಲೂ ಅಭ್ಯರ್ಥಿಗೆ ಕೇಸ್ ಸುತ್ಕೊಳ್ಳುತ್ತೆ, ಅದಕ್ಕೇ ನಡೆಯೋಕೆ ಆಗ್ದೇ ಇರೋ ಅಜ್ಜಿ ತಾತಂದಿರನ್ನ ಅವರ ಮಗನೋ ಮೊಮ್ಮಗಳೋ ಸ್ವಂತ ಗಾಡಿಲಿ ಕರ್ಕೊಂಡು ಬರೋ ಹಾಗೆ ಮುಂಚೆನೇ ಮಾತಾಡಿರ್ತೀವಿ. ಮನೆಯಿಂದಲೇ ಮತದಾನ 2023ರಲ್ಲಿ 80 ದಾಟಿದೋರಿಗೆ ಸಿಕ್ಕಿತ್ತು, 2024ಕ್ಕೆ ಅದು 85 ಆಯ್ತು. ಅದಕ್ಕೆ ಫಾರಂ 12ಡಿ ಅಧಿಸೂಚನೆ ಆದ ಐದು ದಿನದೊಳಗೆ ಕೊಡ್ಬೇಕು, ಕೊನೇ ವಾರದಲ್ಲಿ ನೆನಪಾದ್ರೆ ಏನೂ ಮಾಡೋಕಾಗಲ್ಲ.

ಮೂರು ಗಂಟೆ ಮೇಲೆ ಮತ್ತೆ ಅದೇ ರೋಗ. ಯಾರೋ ಫೋನ್ ಮಾಡಿ "ಎಲ್ಲಾ ಬೂತಲ್ಲೂ ನಮ್ದೇ ಲೀಡು" ಅಂತಾರೆ. ವೋಟ್ ಮಿಷನ್ ಒಳಗಿದೆ, ಲೀಡ್ ಹೆಂಗೆ ಗೊತ್ತಾಯ್ತು? ಅಂಥ ಫೋನ್ ಬಂದ್ರೆ ನಾನು ಸ್ಪೀಕರ್ ಹಾಕಲ್ಲ, ಯಾರಿಗೂ ಹೇಳಲ್ಲ. ಐದರಿಂದ ಆರರವರೆಗೆ ಉಳಿದ ಕೆಂಪು ಗೆರೆಗಳಿಗೆ ಕೊನೇ ಸುತ್ತು. ಆರು ಗಂಟೆ ಹೊಡೆಯೋ ಹೊತ್ತಿಗೆ ಲೈನಲ್ಲಿ ನಿಂತಿರೋ ಎಲ್ಲರಿಗೂ ಚೀಟಿ ಕೊಡ್ತಾರೆ, ಎಷ್ಟೊತ್ತಾದ್ರೂ ಅವರು ಹಾಕ್ಬೋದು, ಆದ್ರಿಂದ ಐದೂ ಮುಕ್ಕಾಲಿಗೆ ಆಫೀಸಿಂದ ಓಡಿ ಬರ್ತಿರೋರಿಗೆ "ಗೇಟ್ ಒಳಗೆ ಬಂದು ನಿಂತ್ಕೊಳ್ಳಿ ಸಾಕು" ಅಂತ ಫೋನಲ್ಲಿ ಹೇಳ್ತಾನೇ ಇರ್ತೀವಿ. ಮುಗಿದ ಮೇಲೆ ಏಜೆಂಟ್ ಫಾರಂ 17ಸಿ ಕಾಪಿ ಸಹಿ ಮಾಡಿಸ್ಕೊಂಡೇ ಹೊರಗೆ ಬರ್ಬೇಕು, ಒಟ್ಟು ಬಿದ್ದಿದ್ದು ಎಷ್ಟು ಅಂತ ಅದ್ರಲ್ಲಿರುತ್ತೆ, ಎಣಿಕೆ ದಿನ ಅದನ್ನೇ ತಾಳೆ ನೋಡೋದು.

ಮುಂದೆ ಬೆಂಗಳೂರಿನ ಪಾಲಿಕೆ ಚುನಾವಣೆಗೂ ಇದೇ ಪದ್ಧತಿ ಇಟ್ಕೊಂಡಿದೀವಿ. 2015ರ ಆಗಸ್ಟ್‌ನಲ್ಲಿ ಹಾಕಿದ್ದು ಬಿಟ್ರೆ ವರ್ಷಗಟ್ಟಲೆ ಈ ಊರಿನ ಜನ ಕಾರ್ಪೊರೇಟರ್‌ಗೆ ವೋಟೇ ಹಾಕಿಲ್ಲ, ಅಷ್ಟರಲ್ಲಿ ಬಾಡಿಗೆಯವರು ಬದಲಾಗಿದಾರೆ, ಹದಿನೆಂಟು ತುಂಬಿದೋರು ಬಂದಿದಾರೆ, ವಾರ್ಡ್ ಗಡಿಗಳೂ ಬೇರೆ ಆಗಿವೆ. ವಾರ್ಡ್ ಅಂದ್ರೆ ಕ್ಷೇತ್ರಕ್ಕಿಂತ ಎಷ್ಟೋ ಚಿಕ್ಕದು, ಅಂತರನೂ ಅಷ್ಟೇ ಚಿಕ್ಕದಿರುತ್ತೆ. ಹಂಗಾಗಿ ನಮ್ಮ ಬೀದಿಯವರು ಭಾನುವಾರ ಬೆಳಿಗ್ಗೆ ಲಿಸ್ಟ್ ಹಿಡ್ಕೊಂಡು ಮನೆಮನೆಗೆ ಹೋಗಿ, ಹೆಸರಿಲ್ದಿರೋರಿಗೆ ಫಾರಂ 6, ಮನೆ ಬದಲಾಯಿಸಿದೋರಿಗೆ ಫಾರಂ 8 ತುಂಬಿಸ್ತಾ ಇದೀವಿ. ಅಭ್ಯರ್ಥಿ ಯಾರು ಅಂತ ಕೇಳಿದ್ರೆ ಇನ್ನೂ ಗೊತ್ತಿಲ್ಲ ಅಂತೀವಿ, ಹೆಸರು ಇದ್ಯಾ ನೋಡ್ಕೊಳ್ಳಿ ಮೊದ್ಲು ಅಂತೀವಿ.