ಟೆಂಟಿಗೆ, ಬ್ಯಾಗಿಗೆ ಚಿತ್ರ ಬಿಡಿಸುವ ಮುಂಚೆ ಒಂದು ತೊಟ್ಟು ನೀರು

ಬಣ್ಣದ ಡಬ್ಬಿ ಆಮೇಲೆ ತೆರೆಯಿರಿ. ಮೊದಲು ಬಟ್ಟೆಯ ಮೇಲೆ ಒಂದು ತೊಟ್ಟು ನೀರು ಬಿಡಿ. ಹೀರಿಕೊಂಡಿತಾ, ಮಣಿಯ ಹಾಗೆ ಉರುಳಿ ಹೋಯಿತಾ ನೋಡಿ. ಟೆಂಟು, ಬೆನ್ನಿನ ಬ್ಯಾಗು, ಮಡಚುವ ಕುರ್ಚಿ, ಕೊಡೆ, ಯಾವುದೇ ಇರಲಿ, ಬಣ್ಣ ಅದರ ಮೇಲೆ ನಿಲ್ಲುತ್ತದಾ ಇಲ್ಲವಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ನೀರು ಹೀರಿಕೊಂಡರೆ ಅದು ಹತ್ತಿಯ ಕ್ಯಾನ್ವಾಸ್ ಇರಬಹುದು. ಕೆಲಸ ಸುಲಭ. ಆದರೆ ಹೊಸ ಕ್ಯಾನ್ವಾಸ್ ಆದರೆ ಒಮ್ಮೆ ಚೆನ್ನಾಗಿ ನೆನೆಸಿ, ಪೂರ್ತಿ ಒಣಗಿಸಿ. ಹತ್ತಿ ನೀರು ಕುಡಿದಾಗ ನೂಲು ಉಬ್ಬಿ ಬಟ್ಟೆ ಕುಗ್ಗುತ್ತದೆ. ಚಿತ್ರ ಬಿಡಿಸಿದ ಮೇಲೆ ಕುಗ್ಗಿದರೆ ಬಣ್ಣ ಸುಕ್ಕಾಗುತ್ತದೆ, ಅಲ್ವಾ? ಫ್ಯಾಬ್ರಿಕ್ ಪೇಂಟ್ ಇದಕ್ಕೆ ಒಳ್ಳೆಯದು. ಬರೀ ಅಕ್ರಿಲಿಕ್ ಬಣ್ಣ ಇದ್ದರೆ ಬಟ್ಟೆಗೆಂದೇ ಸಿಗುವ ಮೀಡಿಯಂ ಎಂಬ ದ್ರವ ಬೆರೆಸಿಕೊಳ್ಳಿ, ಇಲ್ಲದಿದ್ದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಒಣಗಿದ ಮೇಲೆ ತೆಳು ಬಟ್ಟೆ ಹಾಸಿ, ಹಬೆ ಇಲ್ಲದೆ ಇಸ್ತ್ರಿ ಮಾಡಿ. ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನುವುದನ್ನು ಡಬ್ಬಿಯ ಮೇಲೆ ಬರೆದಂತೆ ಮಾಡಿ.

ನೀರು ಉರುಳಿತೋ, ಅದು ಸಾಮಾನ್ಯವಾಗಿ ನೈಲಾನ್ ಅಥವಾ ಪಾಲಿಯೆಸ್ಟರ್, ಮೇಲೆ ನೀರು ತಡೆಯುವ ಲೇಪ. ಇಲ್ಲಿ ಇಸ್ತ್ರಿ ಪೆಟ್ಟಿಗೆ ಹತ್ತಿರವೂ ತರಬೇಡಿ. ನೈಲಾನ್ ಅದರ ಬಗೆಗೆ ತಕ್ಕಂತೆ ಸುಮಾರು 220ರಿಂದ 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕೆ ಮುಂಚೆಯೇ ಮೆತ್ತಗಾಗುತ್ತದೆ. ಸೌಮ್ಯ ಸೋಪಿನ ನೀರಿನಲ್ಲಿ ಜಿಡ್ಡು ತೊಳೆದು ಒಣಗಿಸಿ, ಲೇಪ ಇಲ್ಲದ ಬದಿಯಲ್ಲಿ ಬಿಡಿಸಿ. ಸಾಮಾನ್ಯವಾಗಿ ಒಳಬದಿ ಸ್ವಲ್ಪ ಹೊಳೆಯುತ್ತದೆ, ಲೇಪ ಇರುವುದು ಅಲ್ಲಿ. ಎರಡೂ ಬದಿ ಜಾರುವಂತಿದ್ದರೆ ಅದು ಬಹುಶಃ ಸಿಲಿಕೋನ್ ಲೇಪ. ಸಿಲಿಕೋನಿಗೆ ಸಿಲಿಕೋನ್ ಬಿಟ್ಟು ಬೇರೇನೂ ಅಂಟುವುದಿಲ್ಲ. ಅಂಥ ಟೆಂಟಿಗೆ ಸುಮ್ನೆ ಕಷ್ಟಪಡಬೇಡಿ. ಅದರ ಚೀಲಕ್ಕೆ ಬಿಡಿಸಿ, ಇಲ್ಲ ಹತ್ತಿ ತುಂಡಿನ ಮೇಲೆ ಬಿಡಿಸಿ ಬ್ಯಾಗಿನ ಮುಚ್ಚಳಕ್ಕೆ ಹೊಲಿಯಿರಿ. ಟೆಂಟಿನ ಮಾಡಿಗೆ ಮಾತ್ರ ಹೊಲಿಯಬೇಡಿ, ಸೂಜಿಯ ಪ್ರತಿ ತೂತಿನಿಂದಲೂ ನೀರು ಇಳಿಯುತ್ತದೆ.

ಒಮ್ಮೆ ನಾನು ಟೆಂಟಿಗೆ ದೊಡ್ಡ ಸೂರ್ಯನನ್ನು ದಪ್ಪವಾಗಿ ಹಳದಿ ಮೆತ್ತಿ ಬಿಡಿಸಿದೆ. ಮುಟ್ಟಿದರೆ ಒಣಗಿದ ಹಾಗೇ ಇತ್ತು. ಮರುದಿನ ಮಡಚಿಟ್ಟೆ. ತಿಂಗಳ ನಂತರ ಬಿಚ್ಚಿದಾಗ ಎರಡು ಮಡಿಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಎಳೆದರೆ ಬಣ್ಣದ ಜೊತೆ ಲೇಪವೂ ಕಿತ್ತು ಬಂತು. ತುಂಬ ನೋವಾಯಿತು. ಅಂದಿನಿಂದ ತೆಳುವಾಗಿ ಎರಡು ಕೋಟು, ನಡುವೆ ಪೂರ್ತಿ ಒಣಗುವವರೆಗೆ ಬಿಡುವು, ಮುಗಿದ ಮೇಲೆ ಕನಿಷ್ಠ 3 ದಿನ ಮಡಚುವುದಿಲ್ಲ. ಒಳಗಿಡುವಾಗ ಚಿತ್ರದ ಮೇಲೆ ತೆಳು ಹತ್ತಿ ಬಟ್ಟೆ ಹಾಕುತ್ತೇನೆ.

ದೊಡ್ಡ ಜಾಗ ತುಂಬುವುದಕ್ಕಿಂತ ಗೆರೆಯ ಚಿತ್ರ ಜಾಸ್ತಿ ದಿನ ಬಾಳುತ್ತದೆ. ಬಳ್ಳಿ, ಹಕ್ಕಿ, ಬೆಟ್ಟದ ಸಾಲು, ಎಲ್ಲ ಗೆರೆಯಲ್ಲೇ ಎಷ್ಟು ಚೆಂದ ಬರುತ್ತವೆ! ಮೊದಲು ಸೀಮೆಸುಣ್ಣದಲ್ಲಿ ಹಗುರಾಗಿ ಗುರುತು ಹಾಕಿಕೊಳ್ಳಿ. ಹೊಲಿಗೆ, ಜಿಪ್, ಯಾವಾಗಲೂ ಮಡಿಕೆ ಬೀಳುವ ಜಾಗ ಬಿಟ್ಟುಬಿಡಿ. ಬ್ಯಾಗಾದರೆ ಒಳಗೆ ರಟ್ಟು ತೂರಿಸಿ, ಕೊಡೆಯಾದರೆ ಬಿಚ್ಚಿ ಬಟ್ಟೆ ಬಿಗಿಯಾಗಿದ್ದಾಗಲೇ ಬಿಡಿಸಿ. ಮಾರ್ಕರ್ ಸುಲಭ, ಆದರೆ ಬಿಸಿಲಿಗೆ ಬೇಗ ಮಸುಕಾಗುತ್ತದೆ. ಪಿಗ್ಮೆಂಟ್ (ಕರಗದ ಬಣ್ಣದ ಪುಡಿ) ಶಾಯಿಯದ್ದು ಸಿಕ್ಕರೆ ಅದನ್ನೇ ತಗೊಳ್ಳಿ.

ಇದನ್ನು ಮರೆಯಲೇಬೇಡಿ: ಬೆಟ್ಟ ಹತ್ತುವ ಹಗ್ಗ, ಸೊಂಟಕ್ಕೆ ಕಟ್ಟುವ ಹಾರ್ನೆಸ್, ಹೆಲ್ಮೆಟ್ಟಿನ ಪಟ್ಟಿ, ಇವುಗಳ ಮೇಲೆ ಮಾರ್ಕರ್ರೂ ಬೇಡ, ಬಣ್ಣವೂ ಬೇಡ. ಶಾಯಿಯಲ್ಲಿರುವ ದ್ರಾವಕ ನೂಲನ್ನು ದುರ್ಬಲ ಮಾಡಬಹುದು, ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಜೀವ ಅದಕ್ಕೇ ನೇತಾಡುತ್ತಿರುತ್ತದೆ.

ಕೊಳೆಯಾದರೆ ತಣ್ಣೀರಲ್ಲಿ ಸ್ಪಂಜಿನಿಂದ ಮೆಲ್ಲಗೆ ಒರೆಸಿ, ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ. ಉಳಿದ ಬಣ್ಣವನ್ನು ಪುಟ್ಟ ಸೀಸೆಗೆ ಹಾಕಿ ಬಿಗಿಯಾಗಿ ಮುಚ್ಚಿಡಿ. ಮುಂದೆ ಎಲ್ಲಾದರೂ ಗೆರೆ ಅಳಿಸಿದರೆ ಅದೇ ಬಣ್ಣದಲ್ಲಿ ತಿದ್ದಬಹುದು.