ಲೆಕ್ಕದ ಸಾಫ್ಟ್‌ವೇರ್ ಬದಲಿಸುವಾಗ ‘ಹೊಲ’, ‘ಮನೆ’ ಕಲಸಿಹೋಗದಂತೆ ನೋಡಿಕೊಳ್ಳುವುದು ಹೇಗೆ?

ಕಲಬುರಗಿಯಲ್ಲಿ ಮನೆ, ಸೇಡಂ ಕಡೆ ನಾಲ್ಕೆಕರೆ ತೊಗರಿ ಹೊಲ. ಎರಡರ ಖರ್ಚೂ ಒಂದೇ ಬ್ಯಾಂಕ್ ಖಾತೆಯಿಂದ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ? ಇಂಥ ಲೆಕ್ಕದಲ್ಲಿ ‘ಡೀಸೆಲ್ 1,200’ ಎಂದಷ್ಟೇ ಬರೆದರೆ ಸಾಲದು. ಅದು ಕಾರಿಗೋ, ಟ್ರ್ಯಾಕ್ಟರಿಗೋ ಗೊತ್ತಾಗಬೇಕು. ‘ಡೀಸೆಲ್’ ಎನ್ನುವುದು ಕೆಟಗರಿ, ದುಡ್ಡು ಯಾತಕ್ಕೆ ಹೋಯಿತು ಅಂತ ಹೇಳುತ್ತದೆ. ‘ಹೊಲ’ ಎನ್ನುವುದು ಟ್ಯಾಗ್, ಯಾರ ಪಾಲಿನ ಖರ್ಚು ಅಂತ ಹೇಳುತ್ತದೆ. ಸಾಫ್ಟ್‌ವೇರ್ ಬದಲಿಸುವಾಗ ಕೆಟಗರಿ ಹೇಗೋ ಬಂದುಬಿಡುತ್ತದೆ. ಪೆಟ್ಟು ಬೀಳುವುದು ಟ್ಯಾಗಿಗೆ.

ಯಾಕೆಂದರೆ ಅದಕ್ಕೆ ಒಂದೊಂದು ಕಡೆ ಒಂದೊಂದು ಹೆಸರು. ಕ್ವಿಕೆನ್, ಹೋಮ್‌ಬ್ಯಾಂಕ್, ಗ್ನೂಕ್ಯಾಶ್ ಎಲ್ಲ ಲೆಕ್ಕ ಇಡುವ ಸಾಫ್ಟ್‌ವೇರ್‌ಗಳೇ. ಹಳೆಯ ಕ್ವಿಕೆನ್‌ನಲ್ಲಿ ಅದನ್ನು ಕ್ಲಾಸ್ ಅನ್ನುತ್ತಿದ್ದರು, ಆಮೇಲೆ ಟ್ಯಾಗ್ ಆಯಿತು. ಹೋಮ್‌ಬ್ಯಾಂಕ್‌ನಲ್ಲೂ ಟ್ಯಾಗ್ ಇದೆ. ಗ್ನೂಕ್ಯಾಶ್‌ನಲ್ಲಿ ಅದಕ್ಕೆ ಬೇರೆ ಜಾಗವೇ ಇಲ್ಲ. ಅಲ್ಲಿ ಕೆಟಗರಿ ಕೂಡ ಒಂದು ಖರ್ಚಿನ ಖಾತೆ.

ಮೊದಲು ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆದುಕೊಳ್ಳಿ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಟ್ಯಾಗ್‌ವಾರು ವರದಿಯನ್ನು ಕಾಗದದ ಮೇಲೆ ಪ್ರಿಂಟ್ ಮಾಡಿಟ್ಟುಕೊಳ್ಳಿ. ಕೊನೆಗೆ ಇದೇ ಸಾಕ್ಷಿ.

ಆಮೇಲೆ ಟ್ಯಾಗ್‌ಗಳ ಪಟ್ಟಿ ತೆರೆಯಿರಿ. ಹಳೆಯ ಲೆಕ್ಕ ಇಟ್ಟವರಿಗೆ ಇಲ್ಲಿ ‘ಗುಲ್ಬರ್ಗಾ ಮನೆ’, ‘ಕಲಬುರಗಿ ಮನೆ’ ಎರಡೂ ಸಿಗಬಹುದು. 2014ರ ನವೆಂಬರ್ 1ರಂದು ಊರಿನ ಹೆಸರು ಬದಲಾಯಿತು, ಮನೆ ಅದೇ ಇದೆ. ಎರಡನ್ನೂ ಹಳೆಯ ಸಾಫ್ಟ್‌ವೇರಿನಲ್ಲೇ ಒಂದು ಮಾಡಿ. ಹೊಸದಕ್ಕೆ ಹೋದಮೇಲೆ ಈ ಕೆಲಸ ಜಾಸ್ತಿ ಆಗುತ್ತದೆ.

ಈಗ ಹಳೆಯ ಸಾಫ್ಟ್‌ವೇರಿನಿಂದ ಕ್ಯೂಐಎಫ್ (QIF) ಫೈಲ್, ಅಂದರೆ ಲೆಕ್ಕವನ್ನು ಇನ್ನೊಂದು ಸಾಫ್ಟ್‌ವೇರಿಗೆ ಒಯ್ಯುವ ಫೈಲ್ ತೆಗೆದು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಹೆದರಬೇಡಿ, ಅದು ಸುಮ್ನೆ ಸಾಲು ಸಾಲಾಗಿ ಬರೆದ ಪಠ್ಯ. ಡಿ (D) ಅಕ್ಷರದಿಂದ ಶುರುವಾಗುವ ಸಾಲಿನಲ್ಲಿ ತಾರೀಖು, ಟಿ (T) ಸಾಲಿನಲ್ಲಿ ಮೊತ್ತ, ಪಿ (P) ಸಾಲಿನಲ್ಲಿ ಯಾರಿಗೆ ಕೊಟ್ಟಿದ್ದು. ನಮಗೆ ಬೇಕಾದ್ದು ಎಲ್ (L) ಸಾಲು. ಅದು ‘ವಾಹನ:ಡೀಸೆಲ್/ಹೊಲ’ ಎಂಬ ಥರ ಇರುತ್ತದೆ. ಓರೆಗೆರೆಯ ಎಡಕ್ಕಿರುವುದು ಕೆಟಗರಿ, ಬಲಕ್ಕಿರುವುದು ಕ್ಲಾಸ್, ಅಂದರೆ ನಮ್ಮ ಟ್ಯಾಗ್. ಒಂದೇ ಬಿಲ್ಲನ್ನು ಮನೆಗೂ ಹೊಲಕ್ಕೂ ಹಂಚಿ ಬರೆದಿದ್ದರೆ ಎಸ್ (S) ಸಾಲುಗಳನ್ನೂ ನೋಡಿ. ಎಲ್ಲೂ ಓರೆಗೆರೆ ಕಾಣದಿದ್ದರೆ ಅಲ್ಲೇ ನಿಲ್ಲಿಸಿ. ಟ್ಯಾಗ್ ಆ ಫೈಲಿಗೆ ಬಂದೇ ಇಲ್ಲ ಎಂದರ್ಥ.

ಹೊಸ ಸಾಫ್ಟ್‌ವೇರಿನಲ್ಲಿ ಟ್ಯಾಗ್ ಇಲ್ಲವೇ? ಇರುವುದು ಎರಡೇ ಟ್ಯಾಗ್ ಆದರೆ ಕೆಟಗರಿಯನ್ನೇ ತಿರುಗಿಸಿ ಕಟ್ಟಿ ಅಂತ ನಾನು ಹೇಳುತ್ತೇನೆ. ‘ಹೊಲ’ ಎಂಬ ದೊಡ್ಡ ಖಾತೆ, ಅದರೊಳಗೆ ಡೀಸೆಲ್, ಗೊಬ್ಬರ, ಕೂಲಿ. ‘ಮನೆ’ಗೂ ಹಾಗೇ. ಹತ್ತಾರು ಟ್ಯಾಗ್ ಇದ್ದರೆ ಇದು ಗೋಜಲಾಗುತ್ತದೆ. ಆಗ ಪ್ರತಿ ಟ್ಯಾಗನ್ನೂ ಮೆಮೊ, ಅಂದರೆ ಟಿಪ್ಪಣಿ ಬರೆಯುವ ಜಾಗದಲ್ಲಿ ಬರೆದುಬಿಡಿ. ಮುಂದೆ ಹುಡುಕಿದರೆ ಸಿಗುತ್ತದೆ.

ಪೂರ್ತಿ ಲೆಕ್ಕ ಒಮ್ಮೆಲೇ ಸುರಿಯಬೇಡಿ. ಖಾಲಿ ಫೈಲಿನಲ್ಲಿ ಒಂದೇ ತಿಂಗಳಿನದು ಹಾಕಿ ನೋಡಿ. ಜುಲೈ ಆಯ್ದುಕೊಂಡರೆ ಒಳ್ಳೆಯದು. 04/07 ಎಂಬುದನ್ನು ಅಮೆರಿಕದ ರೀತಿಯಲ್ಲಿ ಓದಿದರೆ ಏಪ್ರಿಲ್ 7 ಆಗಿಬಿಡುತ್ತದೆ. ಜುಲೈನಲ್ಲಿ ತಂದ ತೊಗರಿ ಬೀಜದ ಖರ್ಚು ಏಪ್ರಿಲ್ ಬಿಸಿಲಿನಲ್ಲಿ ಕೂತಿದ್ದರೆ ನಮ್ಮ ಕಡೆಯ ಯಾರಿಗಾದರೂ ತಪ್ಪು ತಕ್ಷಣ ಕಾಣುತ್ತದೆ.

ಸರಿ ಇದ್ದರೆ ಉಳಿದದ್ದನ್ನೆಲ್ಲ ತನ್ನಿ. ‘ಹೊಲ’ದ ಒಟ್ಟು ಮೊತ್ತವನ್ನು ಪ್ರಿಂಟ್ ಮಾಡಿಟ್ಟ ಕಾಗದದ ಜೊತೆ ಹೊಂದಿಸಿ. ರೂಪಾಯಿಗೆ ರೂಪಾಯಿ ಕೂಡುವ ತನಕ ಹಳೆಯ ಸಾಫ್ಟ್‌ವೇರನ್ನು ಕಂಪ್ಯೂಟರಿನಿಂದ ತೆಗೆಯಬೇಡಿ.