ರೌಟರ್ ಬದಲಾದ ಮೇಲೆ ಪ್ರಿಂಟರ್ ಸಿಗುತ್ತಿಲ್ಲವೇ?

ಹೊಸ ರೌಟರ್ ಬಂದ ಮೇಲೆ ಪ್ರಿಂಟರ್‌ಗೆ ವೈಫೈ ಸಿಗುತ್ತಿಲ್ಲ ಅಂದರೆ, ರಿಪೇರಿಯವರನ್ನು ಕರೆಯುವ ಮುಂಚೆ ಇದನ್ನು ನೋಡಿ. ಈಗಿನ ರೌಟರ್‌ಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬಗೆಯ ವೈಫೈ ಕೊಡುತ್ತವೆ. ಮನೆಬಳಕೆಯ ಎಷ್ಟೋ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್‌ಗೆ ಮಾತ್ರ ಸೇರುತ್ತವೆ. 5 ಗಿಗಾಹರ್ಟ್ಸ್ ಅವುಗಳ ಕಣ್ಣಿಗೇ ಬೀಳುವುದಿಲ್ಲ. ಎರಡಕ್ಕೂ ಒಂದೇ ಹೆಸರಿದ್ದರೆ ರೌಟರ್ ಸೆಟ್ಟಿಂಗ್‌ನಲ್ಲಿ 2.4ಕ್ಕೆ ಬೇರೆ ಹೆಸರಿಟ್ಟು ಪ್ರಿಂಟರನ್ನು ಅದಕ್ಕೆ ಸೇರಿಸಿ. ಫೋನ್, ಲ್ಯಾಪ್‌ಟಾಪ್ 5ರಲ್ಲೇ ಇರಲಿ, ಸಾಮಾನ್ಯವಾಗಿ ತೊಂದರೆಯಿಲ್ಲ. ರೌಟರ್ ಒಂದೇ ಅಲ್ವಾ! ಅತಿಥಿಗಳಿಗೆಂದು ಇರುವ ಗೆಸ್ಟ್ ವೈಫೈ ಮಾತ್ರ ಬೇಡ, ಅದರಿಂದ ಸಾಮಾನ್ಯವಾಗಿ ಪ್ರಿಂಟರ್ ಸಿಗುವುದಿಲ್ಲ.

ಸೇರಿದ ಮೇಲೂ ‘ಆಫ್‌ಲೈನ್’ ಅಂತ ಬಂದರೆ ಪ್ರಿಂಟರ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಬದಲಾಗಿರಬಹುದು. ಪ್ರಿಂಟರ್‌ನ ನೆಟ್‌ವರ್ಕ್ ಮೆನುವಿನಲ್ಲಿ ನೋಡಿ. 169.254ರಿಂದ ಶುರುವಾಗಿದ್ದರೆ ರೌಟರ್‌ನಿಂದ ವಿಳಾಸವೇ ಸಿಕ್ಕಿಲ್ಲ ಅಂತರ್ಥ. ಸುಮ್ನೆ ಕಂಪ್ಯೂಟರ್‌ನಲ್ಲಿ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಅಳಿಸಿ ಮತ್ತೆ ಹಾಕುತ್ತಾ ಕೂರಬೇಡಿ, ಎರಡನ್ನೂ ಆಫ್ ಮಾಡಿ, ಮೊದಲು ರೌಟರ್, ಆಮೇಲೆ ಪ್ರಿಂಟರ್ ಆನ್ ಮಾಡಿ. 192.168ರಿಂದ ಶುರುವಾಗಿದ್ದರೆ ಆ ವಿಳಾಸವನ್ನು ರೌಟರ್‌ನಲ್ಲಿ ಪ್ರಿಂಟರ್‌ಗೇ ಮೀಸಲಿಟ್ಟು, ಕಂಪ್ಯೂಟರ್‌ನಲ್ಲಿ ಅದೇ ವಿಳಾಸದಿಂದ ಪ್ರಿಂಟರನ್ನು ಮತ್ತೆ ಸೇರಿಸಿ.